ಆಕಾಶಕ್ಕೆ ತೇಪೆ ಹಾಕಿದ ಕಾಕಾ

ಆಕಾಶದ ಓಝೋನ್ ಪದರದ ತೂತು ಮುಚ್ಚುತ್ತಿರುವುದು ಯಾರಿಂದ? ವಿಜ್ಞಾನಿಗಳಿಂದ ಅಂತೀರಾ? ತಪ್ಪು! ರಾಣೆಬೆನ್ನೂರಿನ ನಮ್ಮ ಕಾಕಾನಿಂದ. ಬೇಕಾದರೆ ಅವರನ್ನೇ ಕೇಳಿ!

ನಾನು ಚಿಕ್ಕವನಿದ್ದಾಗ ಕಾಕಾನ ಸ್ಟೇಶನರಿ ಅಂಗಡಿಯಲ್ಲಿ ಪೌಡರು, ರಿಬ್ಬನ್ನು, ಊದುಬತ್ತಿಗಳ ಜೊತೆ ಪುಸ್ ಎನ್ನುವ ಸೆಂಟಿನ ಡಬ್ಬಿಗಳೂ ಇರುತ್ತಿದ್ದವು. ಆ ಅಂಗಡಿಯ ಪರಿಮಳ ಈಗಲೂ ನನ್ನ ಮೂಗಿನಲ್ಲಿದೆ. ಒಂದು ದಿನ ರೇಡಿಯೊ, ಇಂಥ ಡಬ್ಬಿಗಳ ಗ್ಯಾಸಿನಿಂದಲೇ ಆಕಾಶಕ್ಕೆ ತೂತು ಬೀಳುತ್ತಿದೆ ಎಂದಿತು. ಮರುದಿನ ಡಬ್ಬಿಗಳೆಲ್ಲ ಅಟ್ಟ ಸೇರಿದವು! ಮದುವೆ ಮನೆಯವರು ಸೆಂಟು ಕೇಳಿಕೊಂಡು ಬಂದರೆ ಕಾಕಾ ಅತ್ತರಿನ ಶೀಶೆ ಚಾಚುತ್ತಿದ್ದರು.

“ಇದನ್ನ ಹಚ್ಚಿಕೊಳ್ರಿ. ಆಕಾಶ ಹರಿಯೂದಿಲ್ಲ.”

“ಹೌದು, ಅಂಗಡಿ ಹರದ ಹೋಗತೈತಿ!” ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕುವಿನ ದನಿ.

ಪಾಪ, ಕಾಕುಗೆ ಫ್ರಿಜ್ಜಿನ ಆಸೆ. ಅದರಲ್ಲೂ ಅದೇ ಗ್ಯಾಸು! ಹೊಸ ಗ್ಯಾಸಿನದು ಬರುವವರೆಗೆ ಮಣ್ಣಿನ ಹರವಿಯ ನೀರೇ ಗತಿ. ಎಷ್ಟೋ ವರ್ಷಗಳ ಮೇಲೆ ಕಾಕಾ ನನ್ನನ್ನೂ ಕರೆದುಕೊಂಡು ಹಾವೇರಿಗೆ ಹೋದರು. ಅಂಗಡಿಯಲ್ಲಿ ಫ್ರಿಜ್ಜಿನ ಬೆನ್ನು ತಡವಿ, “ಯಾವ ಗ್ಯಾಸ್ ಐತ್ರೀ?” ಎಂದರು.

“ಸಿಲಿಂಡರ್ ಬಾಜೂ ಓಣ್ಯಾಗ ಸಿಗತಾವ್ರಿ ಯಜಮಾನ್ರ!” ಎಂದ ಅಂಗಡಿಯವ.

ಈಚೆಗೆ ತೂತು ಕಿರಿದಾಗುತ್ತಿದೆ ಎಂಬ ಸುದ್ದಿ ಬಂದಾಗ ಕಾಕಾ ಓಣಿಗೆಲ್ಲ ಪೇಡೆ ಹಂಚಿದರು. “ಎಲ್ಲಾ ದೇಶ ಒಂದ ಮಾತಿಗೆ ಬಂದ್ವು. ಬರೇ ಬ್ಯಾಡ ಅನಲಿಲ್ಲ, ಬದಲೀ ಗ್ಯಾಸ್ ಕೊಟ್ರು. ಭೂಮಿ ಕಾವು ಇಳಸಾಕೂ ಹಂಗ ಮಾಡಬೇಕು,” ಎನ್ನುತ್ತ ಮಾಳಿಗೆ ತುಂಬ ಸೋಲಾರ್ ಹಾಕಿಸಲು ಹೊರಟರು. ಅದು ಕಾಕು ಮೆಣಸಿನಕಾಯಿ ಒಣಗಿಸುವ ಜಾಗ! ಬ್ಯಾಡಗಿ ತವರಿನವಳು ಬಿಟ್ಟಾಳೆಯೇ?

“ನನಗೂ ಬರೇ ಬ್ಯಾಡ ಅನಬ್ಯಾಡ್ರಿ, ಬದಲೀ ಜಾಗಾ ಕೊಡ್ರಿ!”

ಕಾಕಾನ ಪಾಠ ಕಾಕಾನಿಗೇ! ಅರ್ಧ ಮಾಳಿಗೆ ಬಿಟ್ಟುಕೊಟ್ಟರು.

ಈ ಬೇಸಿಗೆಯಲ್ಲಿ ಅಲ್ಲೇ ಕಾಯಿ ತಿರುವುತ್ತಿದ್ದ ಕಾಕು ಬಿಸಿಲಿಗೆ ತಲೆ ತಿರುಗಿ ಬಿದ್ದಳು. ಆಸ್ಪತ್ರೆಗೆ ಓಡಿದೆವು. ಮನೆಯೊಳಗೆ ಏಸಿ ಕಾಲಿಡಗೊಡದ ಕಾಕಾ ಅಲ್ಲಿ, “ಏಸಿ ಹಚ್ಚರ್ರೀ, ಲಗೂ!” ಎಂದು ಕೂಗಿದರು. ಸಲಾಯಿನ್ ಇಳಿಯುತ್ತಿತ್ತು. ಅವರು ಧೋತರದ ಚುಂಗು ನೆನೆಸಿ ಅವಳ ಹಣೆ ಒರೆಸುತ್ತಲೇ ಇದ್ದರು.

“ನರ್ಸ್ ಅದಾರ, ನೀವು ಕುಂದರ್ರಿ ಕಾಕಾ,” ಅಂದೆ.

“ಆಕಾಶಕ್ಕ ಇಡೀ ಜಗತ್ತು ಇತ್ತೋ ತಮ್ಮಾ. ಇಕಿಗೆ ನಾ ಒಬ್ಬಾಂವ.”

ಸಂಜೆಗೆ ಕಾಕು ಕಣ್ಣು ತೆರೆದಳು. ಗಂಡನ ಮುಖ ನೋಡಿ, “ಉಂಡೀರೇನು?” ಎಂದಳು.

ಕಾಕಾ ಅವಳ ಅಂಗೈಯಲ್ಲಿ ಮುಖವಿಟ್ಟು ಅತ್ತುಬಿಟ್ಟರು.