ಬಳ್ಳಾರಿ ಬಿಸಿಲಿಗೆ ಲೆನ್ಸ್ ಒಣಹಾಕಿದ್ದು

ಹಳೆಯ ಕ್ಯಾಮೆರಾದ ಲೆನ್ಸ್ ಬಿಚ್ಚುವುದು ಕಷ್ಟದ ಕೆಲಸವೇ ಅಲ್ಲ. ಸ್ವಾನುಭವದಿಂದ ಹೇಳುತ್ತಿದ್ದೇನೆ. ಬಿಚ್ಚುವ ತನಕ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು!

ನನ್ನ ಮಾವನವರು ಸಿರುಗುಪ್ಪದಲ್ಲಿ ಫೋಟೋ ಸ್ಟುಡಿಯೋ ನಡೆಸಿದವರು. ಅಂಗಡಿ ಮುಚ್ಚಿದರೂ ರೀಲ್ ಹಾಕುವ ಕ್ಯಾಮೆರಾವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಮನೆತನದಲ್ಲಿ ಯಾರ ನಿಶ್ಚಿತಾರ್ಥವಾದರೂ ಅದರಲ್ಲೇ ಅವರು ಒಂದು ಗ್ರೂಪ್ ಫೋಟೋ ತೆಗೆಯಬೇಕು. ಅದಾಗದೆ ಯಾರೂ ಊಟದ ಎಲೆಯ ಮುಂದೆ ಕೂರುವಂತಿಲ್ಲ. ಈಗ ಅವರ ಕಡೆಯ ಮಗಳು, ಅಂದರೆ ನನ್ನ ನಾದಿನಿಯ ಸರದಿ. ಭಾನುವಾರ, ಗಂಡಿನ ಊರಾದ ಕುರುಗೋಡಿನಲ್ಲಿ. ಕ್ಯಾಮೆರಾ ತೆಗೆದು ನೋಡಿದರೆ ಲೆನ್ಸಿನೊಳಗೆ ಬಿಳಿ ಬಲೆಯಂತೆ ಫಂಗಸ್ ಹಬ್ಬಿದೆ.

"ಬಳ್ಳಾರ್ಯಾಗ ಯಾರಾರ ರಿಪೇರಿಯವರಿಗೆ ಕೊಡ್ರಿ ಅಳಿಯಂದ್ರ. ಇದು ನನ್ನ ಮೂರನೇ ಕಣ್ಣು," ಎಂದು ಅವರು ಅದನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ವರ್ಷವರ್ಷವೂ ಮಸೂರದ ಪಾಠ ಮಾಡುವವನು ರಿಪೇರಿ ಅಂಗಡಿ ಹುಡುಕಿಕೊಂಡು ಅಲೆಯುವುದೇ? ಸಮಸ್ತ ವಿಜ್ಞಾನಕ್ಕೇ ಅವಮಾನ!

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವನೇ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಕೂತೆ. ಜಾಮಿಟ್ರಿ ಬಾಕ್ಸಿನ ಕೈವಾರದಿಂದ ಲೆನ್ಸಿನ ರಿಂಗು ತಿರುಗಿಸಿದೆ. ಗಾಜುಗಳು ಒಂದೊಂದಾಗಿ ಕೈಗೆ ಬಂದವು. ಸ್ಪಿರಿಟ್ ಹಚ್ಚಿ ಒರೆಸಿದೆ. ಬಿಸಿಲಿಗಿಟ್ಟರೆ ಫಂಗಸ್ ಬೇರುಸಹಿತ ಸಾಯುತ್ತದೆಂದು ವಿಡಿಯೋದವನು ಹೇಳಿದ. ಬಿಸಿಲಿಗೆ ನಮ್ಮೂರಲ್ಲಿ ಬರವೇ?

ಮಾಳಿಗೆಯ ಮೇಲೆ ನನ್ನ ಹೆಂಡತಿ ಉಮಾ ಹಳೆಯ ಸೀರೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿ, ಸಂಡಿಗೆ ಇಟ್ಟಿದ್ದಳು. ಸೀರೆಯ ಖಾಲಿ ಜಾಗದಲ್ಲಿ ಗಾಜುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿದೆ. ದೊಡ್ಡ ಗಾಜಿಗೆ ಗಾಳಿಯಾಡಲೆಂದು ಅದನ್ನು ಎರಡು ಇಟ್ಟಿಗೆಗಳ ಸಂದಿಯ ಮೇಲಿಟ್ಟೆ. ಕೆಳಗಿಳಿದು ಚಹಾ ಕುಡಿಯುತ್ತ ಕುಳಿತೆ.

"ಮೇಷ್ಟ್ರ! ಏ ಮೇಷ್ಟ್ರ! ನಿಮ್ಮ ಮಾಳಿಗಿ ಮ್ಯಾಲೆ ಹೊಗಿ ಏಳಾಕತ್ತೈತಿ!" ಪಕ್ಕದ ಮನೆಯ ಸುಬ್ಬಮ್ಮನ ಕೂಗು.

ಓಡಿದೆ. ಇಟ್ಟಿಗೆಗಳ ನಡುವೆ ಸೀರೆ ತೂತಾಗಿ, ತೂತಿನ ಅಂಚು ಕೆಂಪಗೆ ಹರಡುತ್ತಿತ್ತು. ಗಾಜುಗಳನ್ನೆಲ್ಲ ಒಂದೇ ಮುಷ್ಟಿಯಲ್ಲಿ ಬಾಚಿಕೊಂಡು ಬಕೆಟ್ ನೀರು ಸುರಿದೆ. ಬೆಂಕಿ ಆರಿತು. ಸಂಡಿಗೆ ಮರಳಿ ಹಿಟ್ಟಾಯಿತು.

ಉಮಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ರೀ, ಸಾಲ್ಯಾಗ ಹುಡುಗ್ರಿಗೆ ಭೂತಗನ್ನಡಿ ಹಿಡದು ಕಾಗದ ಸುಟ್ಟು ತೋರಸ್ತೀರಲ್ಲ, ಆ ಸೂರ್ಯ ಬ್ಯಾರೇನ್ರಿ?"

ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಮಾವನವರು! "ಬಸ್ ಇಳದೀನಿ ಅಳಿಯಂದ್ರ. ಆಟೋದಾಗ ಬರಾಕತ್ತೀನಿ."

ಕೆಳಗೋಡಿ ಎಲ್ಲವನ್ನೂ ನೆಲದ ಮೇಲೆ ಹರಡಿದೆ. ಗಾಜುಗಳ ಕ್ರಮ ಗಾತ್ರದಿಂದ ತಿಳಿಯಿತು, ಸರಿ. ಆದರೆ ದೊಡ್ಡ ಗಾಜಿನ ಯಾವ ಮುಖ ಹೊರಗೆ?

"ಹಿಂಗೋ, ಹಂಗೋ?" ಎಂದೆ.

"ನನ್ನ ಕೇಳ್ತೀರಲ್ರಿ! ಪಾಠ ಮಾಡಾವ್ರು ನೀವಾ, ನಾನಾ?"

ಬೀದಿಯಲ್ಲಿ ಆಟೋ ಸದ್ದು. ಮನೆದೇವರನ್ನು ನೆನೆದು ಗಾಜು ಕೂರಿಸಿ ರಿಂಗು ಬಿಗಿದೆ. ಬಾಗಿಲು ಬಡಿದಾಗ ನೆಲದ ಮೇಲೆ ಒಂದು ಸ್ಕ್ರೂ ಉಳಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

ಮಾವನವರು ಲೆನ್ಸನ್ನು ಬೆಳಕಿಗೆ ಹಿಡಿದು ಅರಳಿದರು. "ಭೇಷ್! ಕೊಳೀನ ಇಲ್ಲ. ಯಾರ ಕಡೆ ಮಾಡಿಸಿದ್ರಿ?"

"ಗುರ್ತಿನವರು ಮಾವಾರ. ಬಾಳ ಓದಿದವರು," ಎಂದೆ. ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಬಿತ್ತು.

ಕುರುಗೋಡಿನಲ್ಲಿ ನಿಶ್ಚಿತಾರ್ಥ ಮುಗಿಯಿತು. ಬೀಗರು, ನೆಂಟರು ಸಾಲಾಗಿ ನಿಂತರು. ಮಾವನವರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ತೆಗೆದರು. ಕಣ್ಣೊರೆಸಿಕೊಂಡು ಮತ್ತೆ ಇಟ್ಟರು.

"ನಡುವ ಚಂದ ಕಾಣತೈತಿ, ಅಂಚೆಲ್ಲ ಮಸುಕು," ಎಂದರು ಮೆಲ್ಲಗೆ. "ನನ್ನ ಕಣ್ಣಾಗ ಪೊರಿ ಬಂದೈತೇನೋ. ಇದ ಕಡೀ ಫೋಟೋ ಅನಸ್ತೈತಿ."

ಆಗಲೇ ಬಾಯಿಬಿಡಬೇಕಿತ್ತು. ಉಮಾ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆದರೆ ಅಷ್ಟು ಜನ ಬೀಗರ ಮುಂದೆ ನಾಲಿಗೆ ಹೊರಳಲಿಲ್ಲ. ಆ ಹಿರಿಯರು ತಮ್ಮ ಕಣ್ಣನ್ನೇ ದೂರುವುದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

"ಅಳಿಯಂದ್ರ, ನೀವು ಇನ್ನೊಂಚೂರು ಆ ಕಡಿ ಸರೀರಿ," ಎಂದರು. ಸಾಲಿನ ತುದಿಗೆ ಸರಿದೆ. ಕ್ಲಿಕ್!

ಪಾಪಪ್ರಜ್ಞೆ ತಡೆಯದೆ ಬಳ್ಳಾರಿಗೆ ಮರಳಿದ ಮೇಲೆ ನಾನೇ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಪೊರೆಯೂ ಇಲ್ಲ, ಗಿರೆಯೂ ಇಲ್ಲ, ಕಣ್ಣು ಗಟ್ಟಿ ಎಂದರು ಡಾಕ್ಟರು! ನನಗೆ ಹೋದ ಜೀವ ಬಂತು. ಮಾವನವರು ಮಾತ್ರ ಆಟೋದಲ್ಲಿ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತ ಕುಳಿತಿದ್ದರು. ಬಂದ ಜೀವ ಮತ್ತೆ ಹೋಯಿತು.

ಕೆಲವು ದಿನಗಳ ಮೇಲೆ ತೊಳೆಯಲು ಕಳಿಸಿದ ರೀಲು ಫೋಟೋವಾಗಿ ಬಂತು. ನಡುವೆ ನಾದಿನಿ, ಅವಳ ಗಂಡು, ಅತ್ತೆಯವರು ಮೂಗುತಿಯ ಹರಳಿನ ಸಮೇತ ಸ್ಪಷ್ಟ. ಅವರ ಸುತ್ತ ನೆಂಟರೆಲ್ಲ ಗಿರಗಿರ ತಿರುಗಿದಂತೆ ಮಸುಕು. ದೊಡ್ಡ ಗಾಜು ತಿರುವುಮುರುವಾಗಿತ್ತೆಂದು ನನಗೆ ಆಗ ಖಾತ್ರಿಯಾಯಿತು. ತುತ್ತತುದಿಯಲ್ಲಿ ಬಿಳಿ ಅಂಗಿ ತೊಟ್ಟಿದ್ದ ನಾನು ಬರೀ ಒಂದು ಕಲೆಯಾಗಿದ್ದೆ.

ಮಾವನವರು ಕನ್ನಡಕವೇರಿಸಿ ನಿಧಾನಕ್ಕೆ ನೋಡಿದರು.

"ನಿಮ್ಮ ಗುರ್ತಿನವರು ಬಾಳ ಓದಿದವರ ಬಿಡ್ರಿ ಅಳಿಯಂದ್ರ," ಎಂದರು. "ಫಂಗಸ್ ಎಲ್ಲಾ ತಗದಾರ. ಈ ಮೂಲ್ಯಾಗ ಒಂದ ಉಳದೈತಿ, ನೋಡ್ರಿ."

ಅವರು ಬೆರಳಿಟ್ಟಿದ್ದು ನನ್ನ ಮೇಲೆ!