ಮೂವತ್ತಾರು ಕಪ್ಪು ಚೌಕಗಳ ಬಗ್ಗೆ ತಂತ್ರಾಂಶದವರಲ್ಲಿ ಅರಿಕೆ

ಮಾನ್ಯ ಉಚಿತ ಚಿತ್ರ ವಿಶ್ಲೇಷಣಾ ತಂತ್ರಾಂಶದವರೇ,

ಕೂಲಿ ಕೇಳದೆ ಲೋಕದ ಪ್ರಯೋಗಾಲಯಗಳಿಗೆಲ್ಲ ದುಡಿಯುವ ತಮ್ಮ ಸನ್ನಿಧಿಗೆ, ಜೀವಕೋಶ ಸಾಕುವುದನ್ನೇ ಕಸುಬು ಮಾಡಿಕೊಂಡ ಸಂಶೋಧನಾ ವಿದ್ಯಾರ್ಥಿನಿಯ ವಿನಯಪೂರ್ವಕ ವಂದನೆಗಳು.

ಏಳು ವಾರ, ದಿನ ಬಿಟ್ಟು ದಿನ ಆಹಾರದ ದ್ರವ ಬದಲಿಸಿ, ಜ್ವರದಲ್ಲಿ ಮಲಗಿದ್ದ ಅಮ್ಮನಿಂದ "ಹೋಗು, ನಿನ್ನ ಮಕ್ಕಳಿಗೆ ಊಟ ಹಾಕಿ ಬಾ" ಎಂದು ಅನ್ನಿಸಿಕೊಂಡು ಬೆಳೆಸಿದ ನರಕೋಶಗಳವು. ಅವಕ್ಕೆ ಹೊಳೆಯುವ ಬಣ್ಣ ಊಡಿಸಿ, ಮೈಕ್ರೋಸ್ಕೋಪಿನಲ್ಲಿ ಮೂವತ್ತಾರು ಚಿತ್ರ ತೆಗೆದು ತಮ್ಮ ಮಡಿಲಿಗೆ ಹಾಕಿದೆ. ತಾವು ಒಂದು ಚುಕ್ಕೆಯ ಪಕ್ಷಪಾತವೂ ಇಲ್ಲದೆ ಮೂವತ್ತಾರನ್ನೂ ಕಪ್ಪಗೆ ತೆರೆದು ತೋರಿಸಿದಿರಿ.

ನನ್ನ ಮಾರ್ಗದರ್ಶಕರು ಹಿಂದೆ ನಿಂತು, ಕನ್ನಡಕ ಏರಿಸಿ, "ಏನೂ ಇಲ್ವಲ್ಲಮ್ಮ, ಎಲ್ಲಾ ಸತ್ತಿವೆ. ಬ್ಲೀಚ್ ಹಾಕಿ ತೊಳೆದುಬಿಡು" ಎಂದರು. ತಾವಿಬ್ಬರೂ ಒಂದೇ ಮಾತು ಹೇಳಿದ ಮೇಲೆ ನನ್ನದೇನು? ಸಿಂಕಿನ ಮುಂದೆ ನಿಂತು, ಕೋಶಗಳು ಬೆಳೆದಿದ್ದ ತಟ್ಟೆಗಳಿಗೆ ಒಂದೊಂದಾಗಿ ಬ್ಲೀಚ್ ಸುರಿದೆ. ಕಣ್ಣೀರಿಗೆ ಅದರ ಘಾಟೇ ಕಾರಣವೆಂದು ಪಕ್ಕದವರಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುವ ಅಕ್ಕ ನನ್ನ ಪರದೆಯತ್ತ ಬಗ್ಗಿ, "ಬ್ರೈಟ್‌ನೆಸ್ ಸರಿ ಮಾಡ್ಲೇ ಇಲ್ವೇನೇ?" ಎಂದು, ತಾವು ಪಟ್ಟಿಯೊಳಗಿನ ಒಳಪಟ್ಟಿಯಲ್ಲಿ ಜೋಪಾನವಾಗಿಟ್ಟಿದ್ದ 'ಆಟೋ' ಗುಂಡಿ ಒತ್ತಿದರು. ನರಕೋಶಗಳು ಕೈಕಾಲು ಚಾಚಿಕೊಂಡು ಬೆಳ್ಳಗೆ ಎದ್ದು ಬಂದವು. ಕ್ಯಾಮೆರಾ ಅರವತ್ತೈದು ಸಾವಿರ ಛಾಯೆ ಗುರುತಿಸಬಲ್ಲದಂತೆ. ನನ್ನ ಕೋಶಗಳ ಮಂದ ಬೆಳಕು ಕಪ್ಪಿನ ಕಡೆಯ ಮೊದಲ ಎರಡು ಸಾವಿರದೊಳಗೇ ಇತ್ತಂತೆ. ತಾವು ಅಷ್ಟೂ ಛಾಯೆಗಳಿಗೆ ಸಮಾನ ಗೌರವ ಕೊಟ್ಟಿದ್ದರಿಂದ ಎಲ್ಲ ಕತ್ತಲಾಗಿ ಕಂಡಿತಂತೆ. ಇಂಥ ಸಮಾನತೆ ನ್ಯಾಯಾಲಯಗಳಲ್ಲೂ ದುರ್ಲಭ.

"ತಟ್ಟೆಗಳೆಲ್ಲಿ?" ಎಂದರು ಅಕ್ಕ. ನಾನು ಸಿಂಕಿನ ಕಡೆ ನೋಡಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಮಾರ್ಗದರ್ಶಕರು ಬಂದು ನೋಡಿ, "ನನಗೆ ಆಗ್ಲೇ ಅನುಮಾನ ಇತ್ತು. ಮತ್ತೆ ಬೆಳೆಸು" ಎಂದು ಚಹಾಕ್ಕೆ ಹೋದರು. ಮುಂದಿನ ಏಳು ವಾರ ಅದೇ ಕೋಶಗಳ ಬೆಳವಣಿಗೆ ನೋಡಬೇಕಿತ್ತೆಂಬುದು ಅವರ ನೆನಪಿಗೆ ಬರಲಿಲ್ಲ.

ಆದಕಾರಣ, ಮಾಡಿದ್ದನ್ನು ಮಾಡದಂತಾಗಿಸುವ ತಮ್ಮ 'ಅನ್‌ಡು' ಸೌಲಭ್ಯವನ್ನು ನಮ್ಮ ಸಿಂಕಿನ ಕೊಳವೆಯವರೆಗೂ ವಿಸ್ತರಿಸಿ ಕೊಡಬೇಕಾಗಿ ಪ್ರಾರ್ಥನೆ. ಅದು ಕಷ್ಟವಾದರೆ, ಕಪ್ಪು ಚಿತ್ರ ತೆರೆಯುವಾಗ 'ಇವು ಬದುಕಿರಲೂಬಹುದು' ಎಂಬ ಒಂದು ಸಾಲು ತೋರಿಸಿದರೂ ಸಾಕು.

ಬೇರೆ ಗತಿಯಿಲ್ಲದೆ ಈಗಲೂ ತಮ್ಮನ್ನೇ ತೆರೆದು ಕೂತಿರುವ,
ತಮ್ಮ ವಿಶ್ವಾಸಿ,
ಮತ್ತೆ ಮೊದಲ ವಾರದಲ್ಲಿರುವ ವಿದ್ಯಾರ್ಥಿನಿ

ಬರೆಯಲು ಮರೆತದ್ದು: ಚಿತ್ರದ ಎಷ್ಟು ಚುಕ್ಕೆಗೆ ಎಷ್ಟು ಉದ್ದವೆಂದು ತಿಳಿಸದೆ ನಾನು ಅಳೆಯಲು ಹೇಳಿದ್ದಕ್ಕೆ, ಬರಿಗಣ್ಣಿಗೆ ಕಾಣದ ಕೋಶವೊಂದು ಐದೂವರೆ ಇಂಚು ಉದ್ದವಿದೆಯೆಂದು ತಾವು ವರದಿ ಕೊಟ್ಟಿದ್ದೀರಿ. ಈ ಬಾರಿ ತಮ್ಮನ್ನು ದೂರುವಂತಿಲ್ಲ; ಮಾರ್ಗದರ್ಶಕರು ಓದಿ ಸಹಿ ಹಾಕಿದ್ದಾರೆ.