ಸಿಂಹಕ್ಕೆ ವರ್ಗವಾಯಿತು, ನನಗಾಗಲಿಲ್ಲ

ಬಾವುಟ, ನವಿಲು, ಹುಲಿ ಅಂತ ಪಾಠ ಮಾಡುವ ಟೀಚರುಗಳಿಗೆ ನಗೆಪಾಟಲು ತಪ್ಪಿದ್ದಲ್ಲ. ಬೇರೆ ಪಾಠಗಳು ಪುಸ್ತಕದೊಳಗೇ ತೆಪ್ಪಗೆ ಬಿದ್ದಿರುತ್ತವೆ. ರಾಷ್ಟ್ರೀಯ ಚಿಹ್ನೆಗಳ ಪಾಠ ಮಾತ್ರ ಗಂಟೆ ಹೊಡೆದ ಮೇಲೆ ಮಕ್ಕಳ ಜೊತೆ ಹೊಲಕ್ಕೆ, ಮನೆಗೆ ಹೊರಟುಬಿಡುತ್ತದೆ. ಅಲ್ಲಿ ಹೋಗಿ ಅದು ಏನು ಮಾಡುತ್ತದೆ ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನ ಮನೆ ನ್ಯಾಮತಿ, ಅವರು ಅಲ್ಲೇ ಸೊಸೈಟಿಯಲ್ಲಿ ಗುಮಾಸ್ತರು. ನನಗೆ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಆಗ ನ್ಯಾಮತಿ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜಿಲ್ಲೆ ದಾಟಿ ವರ್ಗ ಮಾಡಿಸಿಕೊಳ್ಳುವುದೆಂದರೆ ಹುಡುಗಾಟವೇ? ಪುಟ್ಟ ಮಗಳನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಬಿಳಿಚೋಡಿನಲ್ಲಿ ಬಾಡಿಗೆ ಕೋಣೆ ಹಿಡಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ದಾವಣಗೆರೆಯಲ್ಲೊಮ್ಮೆ, ಹೊನ್ನಾಳಿಯಲ್ಲೊಮ್ಮೆ ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿರುತ್ತಿದ್ದರು. ಮಗಳು ಅಜ್ಜಿಯ ಸೆರಗಿನ ಹಿಂದೆ ನಿಂತು ನನ್ನನ್ನು ಯಾರೋ ನೆಂಟರ ಹಾಗೆ ನೋಡುತ್ತಿದ್ದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಡಿಲೇರುತ್ತಿದ್ದಳು. ಸೋಮವಾರ ಬೆಳಗಾದರೆ ನನಗೆ ಮೊದಲ ಬಸ್ಸು. ನ್ಯಾಮತಿಯ ಹತ್ತಿರಕ್ಕೆ ವರ್ಗ ಬೇಕು, ನನ್ನ ಮಗಳಿಗೆ ನಾನು ನೆಂಟಳಾಗಬಾರದು. ಆ ದಿನಗಳಲ್ಲಿ ನನಗಿದ್ದ ಆಸೆ ಇದೊಂದೇ.

ನವಿಲಿಗೆ ಸಲಾಂ

ಬಿಳಿಚೋಡಿನ ಹುಡುಗರ ಜೇಬಿನಲ್ಲಿ ಬಳಪ ಇರುತ್ತಿತ್ತೋ ಇಲ್ಲವೋ, ಕವಣೆಕಲ್ಲು ಮಾತ್ರ ಇದ್ದೇ ಇರುತ್ತಿತ್ತು. ಬಿತ್ತನೆ ಕಾಲದಲ್ಲಿ ಹೊಲ ಕಾಯುವುದು ಅವರದೇ ಕೆಲಸ. ನನಗೆ ಆಗ ಹೊಸ ಹುರುಪು. ನವಿಲು ನಮ್ಮ ರಾಷ್ಟ್ರಪಕ್ಷಿ, ಅದಕ್ಕೆ ಕಲ್ಲು ಹೊಡೆಯಬಾರದು, ಗೌರವ ಕೊಡಬೇಕು ಅಂತ ಮನಸ್ಸಿಗೆ ನಾಟುವ ಹಾಗೆ ಪಾಠ ಮಾಡಿದೆ. ನಾಟಿದ್ದು ಸ್ವಲ್ಪ ಹೆಚ್ಚೇ ಆಯಿತು.

ಎರಡು ದಿನ ಬಿಟ್ಟು ಒಬ್ಬ ರೈತರು ರುಮಾಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತ ಶಾಲೆಯ ಬಾಗಿಲಿಗೆ ಬಂದರು.

"ಟೀಚರಮ್ಮ, ನನ್ನ ಮಗನಿಗೆ ಏನು ಹೇಳಿಕೊಟ್ಟೀರಿ?"

"ಯಾಕೆ, ಏನಾಯ್ತು?"

"ನವಿಲು ಹೊಲಕ್ಕೆ ಇಳಿದ್ರೆ ಓಡಿಸಾದು ಬಿಟ್ಟು, ಬದುವಿನ ಮ್ಯಾಲೆ ನೆಟ್ಟಗೆ ನಿಂತು ಸಲಾಂ ಹೊಡೀತಾನೆ. ಅವು ಬಿತ್ತಿದ ಶೇಂಗಾ ಎಲ್ಲಾ ಕೆದರಿ ತಿಂದು ಹೋದ್ವು. ಇವನು ಅವು ಹೋಗಾತನಕ ಕೈ ಇಳಿಸಲಿಲ್ಲ!"

"ಕಲ್ಲು ಹೊಡೀಬೇಡಿ ಅಂದಿದ್ದೆ ಅಷ್ಟೇ. ಓಡಿಸಬೇಡಿ ಅಂದಿರಲಿಲ್ಲ," ಅಂದೆ.

ಅವರು ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡರು. ಆಮೇಲೆ ತಣ್ಣಗೆ ಹೇಳಿದರು: "ಹಂಗಾರೆ ಒಂದು ಕೆಲ್ಸ ಮಾಡ್ರಿ. ನಾಳಿಂದ ಶೇಂಗಾನೂ ರಾಷ್ಟ್ರೀಯ ಬೆಳೆ ಅಂತ ಪಾಠ ಮಾಡಿಬಿಡ್ರಿ. ಆಗ ನವಿಲೂ ಅದಕ್ಕೆ ಸಲಾಂ ಹೊಡೀತೈತೇನೋ ನೋಡಾಣ."

ಖಾರ ಹಾಕದ ಮಂಡಕ್ಕಿ

ಅದೇ ಶಾಲೆ, ಆಗಸ್ಟ್ ಹದಿನೈದು. ಬಾವುಟವನ್ನು ಮಡಿಸಿ, ಒಳಗೆ ಹೂವು ತುಂಬಿ, ಕಂಬದ ತುದಿಯಲ್ಲಿ ಕಟ್ಟಿಡುವುದು ನಮ್ಮ ಜವಾನರ ಕೆಲಸ. ಹಗ್ಗ ಎಳೆದ ಕೂಡಲೆ ಹೂವು ಉದುರಬೇಕು, ಊರ ಹಿರಿಯರು ತಲೆದೂಗಬೇಕು. ಆ ವರ್ಷ ಮಳೆ ಕೈಕೊಟ್ಟಿತ್ತು. ಊರಲ್ಲಿ ಹೂವೇ ಇಲ್ಲ. ಜವಾನರು ಮಾತ್ರ, "ನೀವು ಸುಮ್ನಿರ್ರಿ ಸಾ, ನಾನು ನೋಡ್ಕಂತೀನಿ," ಅಂತ ಹೆಡ್‌ಮೇಷ್ಟ್ರಿಗೆ ಅಭಯ ಕೊಟ್ಟಿದ್ದರು.

ಹೆಡ್‌ಮೇಷ್ಟ್ರು ಹಗ್ಗ ಎಳೆದರು. ಬಾವುಟ ಬಿಚ್ಚಿಕೊಂಡಿತು. ಅವರ ತಲೆಯ ಮೇಲೆ, ಪಂಚಾಯ್ತಿ ಚೇರ್ಮನ್ನರ ಟೋಪಿಯ ಮೇಲೆ, ಸುತ್ತಲೂ ಬೆಳ್ಳಗೆ ಉದುರಿದ್ದು ಮಂಡಕ್ಕಿ! ಪಕ್ಕದ ಹಟ್ಟಿಯ ಕೋಳಿಗಳು ಇದಕ್ಕೇ ಕಾದಿದ್ದವರಂತೆ ರೆಕ್ಕೆ ಬಡಿಯುತ್ತ ನುಗ್ಗಿದವು. ಅವುಗಳಿಗಿಂತ ಮುಂಚೆ ಒಂದನೇ ಕ್ಲಾಸಿನ ಮಕ್ಕಳು ಸಾಲು ಮುರಿದು ನುಗ್ಗಿದ್ದರು. ಚೇರ್ಮನ್ನರು ಸಲ್ಯೂಟ್ ಮಾಡಿದ ಕೈಯಲ್ಲೇ ಒಂದು ಕೋಳಿಯನ್ನು ಅಟ್ಟಿದರು.

ಸಭೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಜವಾನರನ್ನು ಕರೆದು ಕೂಗಾಡಿದರು. "ಬಾವುಟದ ಮರ್ಯಾದೆ ಅನ್ನೋದು ಗೊತ್ತೇನಯ್ಯ ನಿನಗೆ?"

ಜವಾನರಿಗೆ ನಿಜವಾಗಿಯೂ ನೋವಾಯಿತು. "ಹಂಗನ್ನಬ್ಯಾಡ್ರಿ ಸಾ. ಮರ್ಯಾದೆ ಗೊತ್ತಿರಾದಕ್ಕೇ ಒಗ್ಗರಣೆ ಹಾಕ್ಲಿಲ್ಲ, ಖಾರ ಹಾಕ್ಲಿಲ್ಲ, ಒಣದೇ ಕಟ್ಟೀನಿ."

ಆ ಶನಿವಾರ ಮನೆಗೆ ಹೋದವಳು ಈ ಕತೆಯನ್ನು ಕೈಕಾಲು ಆಡಿಸಿ ಮಗಳಿಗೆ ಹೇಳಿದೆ. ಅವಳು ಸೆರಗಿನ ಮರೆಯಿಂದ ಮೊದಲ ಸಲ ತಾನಾಗಿ ಹೊರಗೆ ಬಂದಳು. ನನಗೆ ಕಣ್ಣು ತುಂಬಿತು. ಅವಳು ನನ್ನ ಚೀಲದೊಳಗೆ ಕೈ ಹಾಕಿ, "ಉಳಿದ ಮಂಡಕ್ಕಿ ಎಲ್ಲಿ?" ಅಂದಳು.

ಸಿಂಹದ ಜಾಗಕ್ಕೆ ಹುಲಿ

ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದ ಮೇಲೆ ಅಂತೂ ಜಿಲ್ಲೆ ದಾಟಿದೆ. ಸಿಕ್ಕಿದ್ದು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಮನೆಗೆ ಅರ್ಧ ಹತ್ತಿರವಾಯಿತು, ಆದರೆ ದಿನಾ ಓಡಾಡುವಷ್ಟು ಹತ್ತಿರವಲ್ಲ. ಮತ್ತೆ ಕೋಣೆ, ಮತ್ತೆ ಸೋಮವಾರದ ಬಸ್ಸು. ಮನೆಗೆ ಹತ್ತಿರ, ಹೊನ್ನಾಳಿ ಕಡೆಗೆ ಹಾಕಿಕೊಡಿ ಅಂತ ಚನ್ನಗಿರಿಯ ಶಿಕ್ಷಣ ಕಚೇರಿಗೆ ಹೋಗಿ ಹೋಗಿ ಕೇಳುತ್ತಿದ್ದೆ. ನನ್ನ ವರ್ಗದ ಚಿಂತೆ ಸ್ಟಾಫ್ ರೂಮಿನಿಂದ ಹೇಗೋ ಮಕ್ಕಳ ಕಿವಿಗೂ ಬಿದ್ದಿತ್ತು.

ಒಂದು ದಿನ ಅದೇ ಚನ್ನಗಿರಿ ಕಚೇರಿಯ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದರು. ನನ್ನ ಅರ್ಜಿ ಅವರ ಮೇಜಿನ ಮೇಲೇ ಇತ್ತು. ಮಕ್ಕಳು ಚೆನ್ನಾಗಿ ಉತ್ತರ ಹೇಳಿದರೆ ಅವರ ಮನಸ್ಸು ಕರಗೀತು ಅಂತ ನನ್ನ ಲೆಕ್ಕಾಚಾರ.

"ನಮ್ಮ ರಾಷ್ಟ್ರಪ್ರಾಣಿ ಯಾವುದು?" ಅಂದರು.

"ಹುಲಿ ಸಾರ್!" ಅಂತ ಕ್ಲಾಸಿಗೆ ಕ್ಲಾಸೇ ಕೂಗಿತು.

ಸಾಹೇಬರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಹಳೆಯ ಚಾರ್ಟಿನಲ್ಲಿ ಸಿಂಹ ಕೂತಿತ್ತು. ಕೆಲವು ವರ್ಷಗಳ ಹಿಂದೆ ಸರ್ಕಾರ ಸಿಂಹವನ್ನು ಬಿಟ್ಟು ಹುಲಿಯನ್ನು ರಾಷ್ಟ್ರಪ್ರಾಣಿ ಮಾಡಿತ್ತು, ಚಾರ್ಟು ಬದಲಾಗಿರಲಿಲ್ಲ. "ಮತ್ತೆ ಇದೇನು?"

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಎಲ್ಲ ತಿಳಿದವಳ ಹಾಗೆ ಹೇಳಿದಳು: "ಅದಕ್ಕೆ ವರ್ಗ ಆಗೈತೆ ಸಾರ್. ಆ ಜಾಗಕ್ಕೆ ಹುಲಿ ಬಂದೈತೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಸಿಂಹ ವರ್ಗಕ್ಕೆ ಯಾರ ಕೈಲಿ ಶಿಫಾರಸು ಹೇಳಿಸಿತ್ತಂತೆ, ಕೇಳ್ಕೊಂಡ್ರಾ ಟೀಚರೇ?"

ಹಿಂದಿನ ಸಿಂಹ

ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ನಗಲಿಲ್ಲ. ರೊಟ್ಟಿ ತಟ್ಟುತ್ತಲೇ, "ಸಿಂಹ ಪೂರಾ ಹೋತಾ ಹಂಗಾರೆ?" ಅಂತ ಮರುಗಿದರು. ರಾಷ್ಟ್ರಲಾಂಛನದಲ್ಲಿ ಇನ್ನೂ ಇದೆ ಅಂತ ಒಂದು ನಾಣ್ಯ ತೆಗೆದು ತೋರಿಸಿದೆ.

ಅವರು ಒಲೆಯ ಬೆಳಕಿಗೆ ಹಿಡಿದು ನೋಡಿದರು. "ಮೂರು ಅದಾವೆ."

"ನಾಲ್ಕು ಅತ್ತೆ. ಇನ್ನೊಂದು ಹಿಂದ್ಗಡೆ ಇದೆ, ಕಾಣಲ್ಲ."

ಅತ್ತೆ ರೊಟ್ಟಿ ಮಗುಚಿ ಹಾಕಿದರು. "ನಿನ್ನಂಗೆ ಬಿಡು. ರೇಷನ್ ಕಾರ್ಡಿನಾಗೆ ಹೆಸರೈತೆ, ಮನೆಯಾಗೆ ಆಸಾಮಿ ಕಾಣಲ್ಲ."

ಅವರು ತಮಾಷೆಗೇ ಅಂದಿದ್ದು. ನಾನೂ ನಕ್ಕೆ. ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಮತ್ತೆ ಮೊದಲಿಂದ

ಸೋಮವಾರದ ರಂಪ ತಪ್ಪಿಸಲು ನಾನು ಮಗಳು ಏಳುವ ಮುಂಚೆ ಕಳ್ಳಿಯ ಹಾಗೆ ಹೊರಡುತ್ತಿದ್ದೆ. ಅವಳಿಗೆ ಅದು ತಿಳಿಯಿತು. ಭಾನುವಾರ ಮಲಗುವಾಗ ನನ್ನ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಲು ಶುರು ಮಾಡಿದಳು. ಅದನ್ನು ಬಿಡಿಸಿಕೊಂಡು ಏಳುವಾಗಿನ ಸಂಕಟ ಯಾರಿಗೆ ಹೇಳಲಿ?

ಒಂದು ಭಾನುವಾರ ಅವಳಿಗೆ ರಾಷ್ಟ್ರಗೀತೆ ಹೇಳಿಕೊಟ್ಟೆ. ನಾಲ್ಕು ವರ್ಷದ ಮಗು, ಸಂಜೆಯೊಳಗೆ ಪೂರ್ತಿ ಕಲಿತಳು. ಹಾಡುವಾಗ ಯಾರೂ ಅಲ್ಲಾಡಬಾರದು, ನಮ್ಮ ಶಾಲೆಯಲ್ಲಿ ಯಾರಾದರೂ ಅಲ್ಲಾಡಿದರೆ ಮತ್ತೆ ಮೊದಲಿಂದ ಹಾಡಿಸುತ್ತೇನೆ ಅಂತಲೂ ಹೇಳಿದೆ.

"ಯಾರೂ ಅಲ್ಲಾಡಂಗಿಲ್ವಾ?"

"ಯಾರೂ ಇಲ್ಲ."

"ನೀನು?"

"ನಾನೂ ಇಲ್ಲ."

ಮಗಳ ಜಾಣತನಕ್ಕೆ ಹಿಗ್ಗಿ ಅವಳನ್ನು ಮುದ್ದಾಡಿದೆ.

ಮರುದಿನ ಬೆಳಿಗ್ಗೆ ಮುಷ್ಟಿ ಬಿಡಿಸಿಕೊಂಡು ಎದ್ದು, ಚೀಲ ತೆಗೆದುಕೊಂಡು ಹೊಸ್ತಿಲ ಹತ್ತಿರ ಬಂದಿದ್ದೆ. ಹಿಂದಿನಿಂದ ರಾಷ್ಟ್ರಗೀತೆ ಶುರುವಾಯಿತು! ತಿರುಗಿ ನೋಡಿದರೆ ನಡುಮನೆಯಲ್ಲಿ ಮಗಳು, ಕೆದರಿದ ಕೂದಲು, ಕೈ ಎರಡೂ ಪಕ್ಕಕ್ಕೆ ಅಂಟಿಸಿ, ಎದೆ ಉಬ್ಬಿಸಿ ನಿಂತು ಹಾಡುತ್ತಿದ್ದಾಳೆ. ನನ್ನ ಕಾಲು ತಾನಾಗಿಯೇ ಜೋಡಿಯಾಯಿತು. ಬುತ್ತಿ ತಂದ ಅತ್ತೆ ಬುತ್ತಿ ಹಿಡಿದೇ ನಿಂತರು. ನಮ್ಮ ಮನೆಯವರು ಹಲ್ಲುಪುಡಿ ಬಾಯಲ್ಲೇ ನಿಂತರು.

ನಮ್ಮ ಮನೆ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ಹಾರ್ನ್ ಹೊಡೆದರೂ ನಾನು ಬಾರದ್ದು ಕಂಡು ಕಂಡಕ್ಟರು ಒಳಗೇ ಬಂದರು. "ಟೀಚರಮ್ಮ, ಹೊತ್ತಾತು..." ಅಂದವರು ನಮ್ಮನ್ನೆಲ್ಲ ನೋಡಿ, ಟಿಕೆಟ್ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಬಾಗಿಲಲ್ಲೇ ನೆಟ್ಟಗೆ ನಿಂತುಬಿಟ್ಟರು.

ಹಾಡು ಮುಗಿಯುವ ಹಂತಕ್ಕೆ ಬಂತು. ಪಾಪ, ಕಂಡಕ್ಟರಿಗೆ ಮೂಗು ತುರಿಸಿತು.

"ಕಂಡಕ್ಟರ್ ಮಾಮ ಅಲ್ಲಾಡಿದ್ರು!" ಅಂತ ಮಗಳು ಚೀರಿದಳು. "ಮತ್ತೆ ಮೊದ್ಲಿಂದ!"

ಎರಡನೇ ಸಲ ಶುರುವಾಯಿತು. ಹೊರಗೆ ಡ್ರೈವರು ಹಾರ್ನ್ ಮೇಲಿಂದ ಕೈ ತೆಗೆಯುತ್ತಿಲ್ಲ. ಮಗಳ ದನಿ ಆ ಹಾರ್ನನ್ನೂ ಮೀರಿ ಏರುತ್ತಿದೆ. ಕತ್ತಿನ ನರ ಉಬ್ಬಿದೆ, ಕಣ್ಣು ನನ್ನ ಚೀಲದ ಮೇಲೇ ಇದೆ. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಕೆನ್ನೆ ಮೇಲೆ ನೀರು ಇಳಿಯುತ್ತಿದೆ, ಒರೆಸಿಕೊಳ್ಳುವ ಹಾಗಿಲ್ಲ. ಕೈ ಎತ್ತಿದರೆ ಮತ್ತೆ ಮೊದಲಿಂದ. ಇನ್ನೊಂದೇ ಸಾಲು ಮುಗಿದರೆ ನಾನು ಹೊರಡಬಹುದು.

ಚೀಲ ಕೆಳಗಿಟ್ಟೆ. ಕೈ ಎತ್ತಿ, ಎರಡೂ ಕಣ್ಣನ್ನು ನಿಧಾನವಾಗಿ ಒರೆಸಿಕೊಂಡೆ.

ಕಂಡಕ್ಟರು ನನ್ನ ಮುಖ ನೋಡಿದರು. ಹೊರಗೆ ಹೋಗಿ "ರೈಟ್!" ಅಂದರು. ಬಸ್ಸು ಹೊರಟಿತು.

ಮಗಳು ಆ ಸದ್ದು ದೂರವಾಗುವುದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ಬೆರಳು ಮಾಡಿ, ಮುಖವೆಲ್ಲ ಬಾಯಿ ಮಾಡಿಕೊಂಡು ನಗುತ್ತ ಕೂಗಿದಳು: "ಅಮ್ಮ ಅಲ್ಲಾಡಿದ್ಲು! ಮತ್ತೆ ಮೊದ್ಲಿಂದ!"